ಪೆಸಿಫಿಕ್ ಕರಾವಳಿಯಲ್ಲಿ ಮೂರ್ನಾಲ್ಕು ರಾತ್ರಿಯ ಕ್ರೂಸ್: ಎನ್ಸೆನಾಡಾನೋ, ವ್ಯಾಂಕೂವರೋ?

ಸೋನೆಮಳೆ

ಅಪ್ಪ-ಅಮ್ಮ ಅಮೆರಿಕಕ್ಕೆ ಬಿ-2 (ಪ್ರವಾಸಿ) ವೀಸಾದಲ್ಲಿ ಬರ್ತಿದ್ದಾರೆ, ನಾವಿಬ್ಬರೂ ಇಲ್ಲಿ ಎಚ್-1ಬಿ (ಕೆಲಸದ) ವೀಸಾದಲ್ಲಿದ್ದೀವಿ. ನಾಲ್ಕು ಜನಕ್ಕೆ ಮೂರ್ನಾಲ್ಕು ರಾತ್ರಿಯ ಹಡಗು ಪ್ರಯಾಣ, ಎಲ್ಲ ಖರ್ಚೂ ಸೇರಿ ತಲಾ 450 ಡಾಲರ್ ದಾಟಬಾರದು. ಏಪ್ರಿಲ್-ಮೇ ಆದರೂ ಸರಿ, ಸೆಪ್ಟೆಂಬರ್-ಅಕ್ಟೋಬರ್ ಆದರೂ ಸರಿ. ಲಾಸ್ ಏಂಜಲೀಸ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯೋಣ ಅಂತ ಹುಡುಕಿದರೆ ಒಂದೂ ಸಿಗ್ತಿಲ್ಲ. ಕಾಣೋದೆಲ್ಲ ವ್ಯಾಂಕೂವರ್‌ಗೆ ಹೋಗೋದು, ಇಲ್ಲಾಂದ್ರೆ ಮೆಕ್ಸಿಕೋದ ಎನ್ಸೆನಾಡಾಕ್ಕೆ ಹೋಗಿ ಬರೋದು. ಯಾಕೆ ಹೀಗೆ? ಎರಡರಲ್ಲಿ ಯಾವುದು ವಾಸಿ? ಅಮ್ಮ ಶುದ್ಧ ಸಸ್ಯಾಹಾರಿ, ಆಗುಂಬೆ ಘಾಟಿ ಇಳಿದರೂ ವಾಂತಿ.

ಹಡಗುಕಟ್ಟೆ

ಸಿಯಾಟಲ್‌ಗೆ ಹುಡುಕೋದು ಬಿಡಿ, ಸಿಗಲ್ಲ. 1886ರ ಪ್ಯಾಸೆಂಜರ್ ವೆಸಲ್ ಸರ್ವಿಸಸ್ ಆಕ್ಟ್ ಅಡ್ಡ ಬರುತ್ತೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಒಂದು ಬಂದರಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ್ದೇ ಇನ್ನೊಂದು ಬಂದರಲ್ಲಿ ಇಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ನಡುವೆ 'ದೂರದ ವಿದೇಶಿ ಬಂದರು' ಮುಟ್ಟಿರಬೇಕು. ಕೆನಡಾ, ಮೆಕ್ಸಿಕೋ ಎರಡೂ ಆ ಲೆಕ್ಕದಲ್ಲಿ ದೂರದವಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾ, ಬರ್ಮುಡಾದಂಥ ಕಡೆ ನೋಂದಣಿಯಾದವು. ಅಮೆರಿಕದ ಬಾವುಟ ಹಾರಿಸುವ ದೊಡ್ಡ ಕ್ರೂಸ್ ಹಡಗು 'ಪ್ರೈಡ್ ಆಫ್ ಅಮೆರಿಕಾ' ಒಂದೇ, ಅದು ಹವಾಯಿ ದ್ವೀಪಗಳನ್ನು ಸುತ್ತಿಕೊಂಡಿರುತ್ತೆ.

ಹಾಗಾಗಿ ಕಾನೂನು ಬಿಟ್ಟಿರುವ ದಾರಿ ಎರಡೇ. ಹತ್ತಿದ ಬಂದರಿಗೇ ವಾಪಸ್ ಬರೋದಾದರೆ ನಡುವೆ ಹತ್ತಿರದ ವಿದೇಶಿ ಬಂದರು ಮುಟ್ಟಿದರೂ ಸಾಕು. ಎನ್ಸೆನಾಡಾ ಇಷ್ಟು ಜನಪ್ರಿಯವಾಗಿರೋದು ಅದಕ್ಕೇ, ಊರಿನ ಅಂದಕ್ಕಲ್ಲ. ಒಂದೇ ಕಡೆಯ ಪ್ರಯಾಣವಾದರೆ ಒಂದು ತುದಿ ವಿದೇಶದಲ್ಲಿರಬೇಕು, ಅಂದರೆ ವ್ಯಾಂಕೂವರ್.

ವ್ಯಾಂಕೂವರ್ ಪ್ರಯಾಣ ಅಗ್ಗವಾಗಿ ಬರೋದಕ್ಕೆ ಕಾರಣ ಬೇರೆ. ಹಡಗುಗಳು ಮೇಯಿಂದ ಸೆಪ್ಟೆಂಬರ್‌ವರೆಗೆ ಅಲಾಸ್ಕಾದಲ್ಲಿ ದುಡಿಯುತ್ತವೆ, ಚಳಿಗಾಲಕ್ಕೆ ಮೆಕ್ಸಿಕೋ, ಹವಾಯಿ, ಆಸ್ಟ್ರೇಲಿಯಾ ಕಡೆಗೆ ಹೋಗುತ್ತವೆ. ವರ್ಷಕ್ಕೆರಡು ಸಲ ಜಾಗ ಬದಲಿಸಲೇಬೇಕು, ಖಾಲಿ ಹೋದರೂ ಇಂಧನ ಸುಡುತ್ತೆ. ಆ ಸೀಟು ತುಂಬಿಸಲು ಬೆಲೆ ಇಳಿಸುತ್ತಾರೆ. ಏಪ್ರಿಲ್-ಮೇನಲ್ಲಿ ಸ್ಯಾನ್ ಡಿಯೇಗೊ, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ವ್ಯಾಂಕೂವರ್‌ನಿಂದ ದಕ್ಷಿಣಕ್ಕೆ. ವ್ಯಾಂಕೂವರ್-ಲಾಸ್ ಏಂಜಲೀಸ್ ಸುಮಾರು 1,150 ನಾಟಿಕಲ್ ಮೈಲು. 19 ನಾಟ್ (ಗಂಟೆಗೆ 19 ನಾಟಿಕಲ್ ಮೈಲು) ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೆ ಎರಡೂವರೆ ದಿನ. ಆದ್ದರಿಂದ 3 ರಾತ್ರಿಯದು ಅಂದರೆ ಬರೀ ನೀರು. ನಡುವೆ ವಿಕ್ಟೋರಿಯಾ, ಅಸ್ಟೋರಿಯಾ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ಬೇಕಿದ್ದರೆ 4ರಿಂದ 7 ರಾತ್ರಿಯದನ್ನೇ ನೋಡಿ.

ಬೆಣ್ಣೆದೋಸೆ

ಇದೇ ಜೋನ್ಸ್ ಆಕ್ಟ್ ಅಲ್ವಾ?

ಹಡಗುಕಟ್ಟೆ

ಅಲ್ಲ. ಜೋನ್ಸ್ ಆಕ್ಟ್ 1920ರದ್ದು, ಸರಕು ಸಾಗಣೆಯದು. ಹಡಗಿನ ಸಿಬ್ಬಂದಿಯೇ ಎಷ್ಟೋ ಸಲ ತಪ್ಪಾಗಿ ಆ ಹೆಸರು ಹೇಳ್ತಾರೆ, ಅಲ್ಲಿಂದ ಎಲ್ಲರ ಬಾಯಲ್ಲೂ ಅದೇ ಕೂತಿದೆ.

ಹೆಸರು ಹಾಳಾಗಲಿ, ಬಲೆ ಎಲ್ಲಿದೆ ನೋಡಿಕೊಳ್ಳಿ. ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರ್‌ಗೆ ಒಂದು ಟಿಕೆಟ್, ಮರುದಿನ ಅದೇ ಹಡಗಲ್ಲಿ ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ ಇನ್ನೊಂದು ಟಿಕೆಟ್. ಬೇರೆ ಬೇರೆ ಬುಕಿಂಗ್ ಆದರೂ ಕಾನೂನಿನ ಕಣ್ಣಿಗೆ ಅದು ಒಂದೇ ಪ್ರಯಾಣ. ಹಡಗು ಬದಲಾದರೆ ತೊಂದರೆಯಿಲ್ಲ. ಬುಕಿಂಗ್ ಹೊತ್ತಿಗೆ ಸಾಫ್ಟ್‌ವೇರ್ ಹಿಡಿಯದೆ ಬಿಟ್ಟು, ಹೊರಡುವ ಮೊದಲು ರದ್ದಾದ ಪತ್ರ ಬರೋದು ಇಂಥವಕ್ಕೇ. ದಂಡ ಬಿದ್ದರೆ ತಲೆಗೆ ನೂರಾರು ಡಾಲರ್, ಅದನ್ನು ಕಂಪನಿ ಪ್ರಯಾಣಿಕರ ಖಾತೆಗೇ ಹಾಕುತ್ತೆ. ಮೊದಲೇ ಗೊತ್ತುಮಾಡದ ಬಂದರಲ್ಲಿ ಅರ್ಧಕ್ಕೇ ಇಳಿದು ಹೋಗುವವರಿಗೂ ಇದೇ ಕಾನೂನು.

ಮುದ್ರೆ_ಒತ್ತು

ನಿಮ್ಮ ನಾಲ್ಕು ಪಾಸ್‌ಪೋರ್ಟ್‌ಗೆ ದಾರಿ ಗೊತ್ತುಮಾಡೋದು ಬೆಲೆಯಲ್ಲ, ವೀಸಾ. ಅದನ್ನು ಮೊದಲು ಬಗೆಹರಿಸಿ.

ಮೆಕ್ಸಿಕೋ: ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಬೇಡ. ಅಪ್ಪ-ಅಮ್ಮನ 10 ವರ್ಷದ ಬಿ-2 ಸಾಕು. ಎಚ್-1ಬಿಯವರು ಎಡವೋದು ಇಲ್ಲೇ: ಐ-797 (ಎಚ್-1ಬಿ ಅನುಮೋದನೆ ಪತ್ರ) ಮೂರು ವರ್ಷಕ್ಕೆ ಇದೆ, ಪಾಸ್‌ಪೋರ್ಟಲ್ಲಿರುವ ವೀಸಾ ಮುದ್ರೆ ಹೋದ ವರ್ಷವೇ ಮುಗಿದಿದೆ. ಮೆಕ್ಸಿಕೋದ ವಿನಾಯಿತಿ ನಿಂತಿರೋದು ಆ ಮುದ್ರೆಯ ಮೇಲೆ, ಐ-797 ಮೇಲಲ್ಲ.

ಮುದ್ರೆ ಮುಗಿದಿದ್ದರೆ ಅಮೆರಿಕಕ್ಕೆ ವಾಪಸ್ ಬರಲು 'ಆಟೋಮ್ಯಾಟಿಕ್ ರೀವ್ಯಾಲಿಡೇಷನ್' ಅಂತ ನಿಯಮ ಇದೆ: ಕೆನಡಾ ಅಥವಾ ಮೆಕ್ಸಿಕೋದಲ್ಲಿ 30 ದಿನದೊಳಗೆ ಇದ್ದು ಬರಬೇಕು, ಐ-94 (ಅಮೆರಿಕದಲ್ಲಿ ಯಾವ ತಾರೀಖಿನವರೆಗೆ ಇರಬಹುದು ಅನ್ನೋ ದಾಖಲೆ) ಚಾಲ್ತಿಯಲ್ಲಿರಬೇಕು, ಅಲ್ಲಿದ್ದಾಗ ಹೊಸ ವೀಸಾಕ್ಕೆ ಅರ್ಜಿ ಹಾಕಿರಬಾರದು. ನಿಯಮ ಪುಸ್ತಕದಲ್ಲಿ ಗಟ್ಟಿಯಾಗಿದೆ. ಆದರೆ ಹತ್ತುವ ದಿನ ನಿಮ್ಮ ಎದುರು ನಿಲ್ಲೋದು ಇಮಿಗ್ರೇಷನ್ ಅಧಿಕಾರಿಯಲ್ಲ, ಹಡಗು ಕಂಪನಿಯ ಕೌಂಟರ್ ಸಿಬ್ಬಂದಿ. ಅವರಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ಅಲ್ಲೇ ತಡೆಯುತ್ತಾರೆ, ದುಡ್ಡೂ ವಾಪಸ್ ಬರಲ್ಲ. ಬುಕ್ ಮಾಡುವ ಮೊದಲೇ ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ, ಐ-94 ಜೊತೆ ಅದನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. ಫೋನಲ್ಲಿ ಸಿಕ್ಕ 'ಓಕೆ' ಕೌಂಟರಲ್ಲಿ ನಡೆಯಲ್ಲ.

ಕೆನಡಾ: ಗ್ರೀನ್ ಕಾರ್ಡ್ ಇದ್ದವರಿಗೆ ಕಾರ್ಡು, ಪಾಸ್‌ಪೋರ್ಟು ಸಾಕು. ಎಚ್-1ಬಿ, ಬಿ-2 ಇದ್ದವರಿಗೆ ಕೆನಡಾದ ಸಂದರ್ಶಕ ವೀಸಾ ಬೇಕೇ ಬೇಕು. ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಹಿಂದಿನ 10 ವರ್ಷದಲ್ಲಿ ಅವರಿಗೆ ಬೆರಳಚ್ಚು ಕೊಟ್ಟಿದ್ದರೆ ಆ 85 ಉಳಿಯುತ್ತೆ. ಹೊರಡಲು ವಾರವಿದ್ದಾಗ ಅರ್ಜಿ ಹಾಕೋ ಕೆಲಸ ಇದಲ್ಲ, ತಿಂಗಳುಗಳ ಅಂತರ ಇಟ್ಟುಕೊಳ್ಳಿ.

ಇನ್ನೊಂದು ತಪ್ಪು ನಂಬಿಕೆ: ಮೆಕ್ಸಿಕೋಕ್ಕೆ ಹೋಗಿ ಬಂದರೆ ಅಪ್ಪ-ಅಮ್ಮನ ಆರು ತಿಂಗಳ ಐ-94 ಹೊಸದಾಗಿ ಶುರುವಾಗುತ್ತೆ ಅನ್ನೋದು. ಹಳೆಯ ಗಡುವೇ ಮುಂದುವರಿಯಬಹುದು, ಅದರ ಮೇಲೆ ಲೆಕ್ಕ ಹಾಕಬೇಡಿ. ಬಂದ ಮೇಲೆ ಐ-94 ಜಾಲತಾಣದಲ್ಲಿ ತಾರೀಖು ನೋಡಿಕೊಳ್ಳಿ.

ಲೆಕ್ಕಪಕ್ಕಾ

ಪರದೆ ಮೇಲೆ ಕಾಣೋ ಬೆಲೆ ಒಂದು, ಕಾರ್ಡಿಂದ ಹೋಗೋದು ಇನ್ನೊಂದು. ಬಂದರು ಶುಲ್ಕವನ್ನು ಈಗ ಬೆಲೆಯಲ್ಲೇ ಸೇರಿಸಿ ತೋರಿಸುತ್ತಾರೆ, ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈ 1ರಿಂದ ಬದಲಾದ ಮೇಲೆ ಈ ಮಟ್ಟಿಗೆ ನೆಮ್ಮದಿ. ಟಿಪ್ಸ್ ಮಾತ್ರ ಈಗಲೂ ಹೊರಗೆ: ತಲೆಗೆ ದಿನಕ್ಕೆ 16ರಿಂದ 20 ಡಾಲರ್, ಮಗುವಿಗೂ.

ಎನ್ಸೆನಾಡಾ, 3 ರಾತ್ರಿ, ಕಿಟಕಿಯಿಲ್ಲದ ಎರಡು ಒಳಕೋಣೆ, ಟಿಕೆಟ್ ತಲಾ 330 ಅಂತ ಹಿಡಿದರೆ:
ಟಿಕೆಟ್ 1,320
ಟಿಪ್ಸ್ ದಿನಕ್ಕೆ 17ರಂತೆ 204
ಬಂದರಲ್ಲಿ ಕಾರು ನಿಲ್ಲಿಸಲು ದಿನಕ್ಕೆ 25ರಂತೆ 4 ದಿನಕ್ಕೆ 100
ಒಂದು ಫೋನಿಗೆ ವೈಫೈ ದಿನಕ್ಕೆ 20ರಂತೆ 60
ಒಟ್ಟು 1,684. ತಲಾ 421. ನಿಮ್ಮ ಗೆರೆಯೊಳಗೆ ಬಂತು.

ಅದೇ 330ಕ್ಕೆ ವ್ಯಾಂಕೂವರ್‌ನಿಂದ ಲಾಸ್ ಏಂಜಲೀಸ್‌ಗೆ ಬಂದರೆ ತಲಾ ಟಿಪ್ಸ್ 51, ಒಂದು ಕಡೆಯ ವಿಮಾನ 150, ಹಿಂದಿನ ರಾತ್ರಿಯ ಹೋಟೆಲಿನ ಪಾಲು 100, ಕೆನಡಾ ವೀಸಾ ಸುಮಾರು 135 ಅಮೆರಿಕನ್ ಡಾಲರ್. ಸೇರಿ 766. ಹಡಗಿನ ಟಿಕೆಟ್ ಅದರಲ್ಲಿ ಅರ್ಧಕ್ಕಿಂತ ಕಡಿಮೆ! ಒಂದೇ ಕಡೆಯ ಪ್ರಯಾಣ ಅಗ್ಗ ಅನ್ನೋದು ಕೆನಡಾ ವೀಸಾ ಆಗಲೇ ಕೈಲಿರುವವರಿಗೆ, ಇಲ್ಲವೇ ಸಿಯಾಟಲ್-ವ್ಯಾಂಕೂವರ್ ಕಡೆ ವಾಸವಿರುವವರಿಗೆ ಮಾತ್ರ.

ಕೋಣೆಯ ಬೆಲೆ ಇಬ್ಬರ ಲೆಕ್ಕ. ಒಬ್ಬರೇ ಹೋದರೂ ಬಹುತೇಕ ಇಬ್ಬರ ದುಡ್ಡು. ಒಂದೇ ಕೋಣೆಗೆ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರಿಗೆ ಕಡಿಮೆ, ಆದರೆ ಅವರ ಹಾಸಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯೋ ಮಂಚ. ಅರವತ್ತೈದು ದಾಟಿದವರನ್ನು ಏಣಿ ಹತ್ತಿಸಬೇಡಿ. 'ಗ್ಯಾರಂಟಿ' ದರ್ಜೆ 20-30 ಡಾಲರ್ ಅಗ್ಗ ಸಿಗಬಹುದು, ಆದರೆ ಕೋಣೆ ಆರಿಸೋದು ಕಂಪನಿ; ನಿಮ್ಮದು ಮೂತಿಯಲ್ಲಿ, ಅಪ್ಪ-ಅಮ್ಮನದು ಬಾಲದಲ್ಲಿ ಬೀಳಬಹುದು. ಹೊಟ್ಟೆ ತೊಳಸುವವರಿಗೆ ಅದಂತೂ ಬೇಡವೇ ಬೇಡ.

ಪೂರ್ತಿ ಹಣ ಕಟ್ಟಬೇಕಾದ ದಿನ ಸಾಮಾನ್ಯವಾಗಿ ಹೊರಡುವ 60ರಿಂದ 90 ದಿನ ಮೊದಲು. ಅಲ್ಲಿವರೆಗೆ ವಾರಕ್ಕೊಮ್ಮೆ ಅದೇ ದರ್ಜೆಯ ಬೆಲೆ ನೋಡ್ತಿರಿ, ಇಳಿದಿದ್ದರೆ ಕೇಳಿ ಇಳಿಸಿಕೊಳ್ಳಬಹುದು. ಆ ದಿನ ದಾಟಿದ ಮೇಲೆ ಕೇಳಿದರೆ ಹೆಚ್ಚಿನಂಶ ಏನೂ ಸಿಗಲ್ಲ.

ಕಡಲತಡಿ

ಹೊಟ್ಟೆ ವಿಷಯ ಬಂತಲ್ಲ, ಸ್ವಲ್ಪ ವಿವರವಾಗಿ ಹೇಳ್ತೇನೆ.

ಮಲ್ಪೆ, ಕಾರವಾರದ ಬೆಚ್ಚಗಿನ ನೀರನ್ನು ತಲೆಯಲ್ಲಿಟ್ಟುಕೊಂಡು ಹೊರಡಬೇಡಿ. ಇಲ್ಲಿ ಕ್ಯಾಲಿಫೋರ್ನಿಯಾ ಪ್ರವಾಹ ಉತ್ತರದಿಂದ ತಣ್ಣೀರು ಹೊತ್ತು ತರುತ್ತದೆ, ಗಾಳಿಯೂ ದೊಡ್ಡ ಅಲೆಗಳೂ ಹೆಚ್ಚಾಗಿ ವಾಯವ್ಯದಿಂದ. ಹಾಗಾಗಿ ಏಪ್ರಿಲಿನಲ್ಲಿ ಉತ್ತರಕ್ಕೆ ಹೋಗುವ ಹಡಗು ಅಲೆಗೆ ಎದೆಕೊಟ್ಟು ನಡೆಯುತ್ತದೆ, ಮೂತಿ ಎದ್ದು ಬೀಳುತ್ತದೆ. ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಬರುವಾಗ ಅಲೆ ಬೆನ್ನಿಗೆ, ಓಲಾಟ ನಿಧಾನ. ಅದೇ ಹಡಗು, ಅದೇ ದಾರಿ, ದಿಕ್ಕಿನಿಂದಲೇ ಅಜಗಜಾಂತರ. ಹಡಗಿನ ಎರಡು ಬದಿಯ ಸ್ಟೆಬಿಲೈಸರ್ ರೆಕ್ಕೆಗಳು ಅಡ್ಡ ಹೊರಳಾಟವನ್ನು ತಗ್ಗಿಸುತ್ತವೆ, ಮೂತಿ-ಬಾಲದ ಏರಿಳಿತಕ್ಕೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ಏತದ ನಡುಗಂಬ ನೆನೆಸಿಕೊಳ್ಳಿ: ತುದಿ ಎದ್ದು ಬಿದ್ದರೂ ನಡು ಅಲ್ಲೇ. ಕೋಣೆ ಕೆಳ ಅಂತಸ್ತಿನಲ್ಲಿ, ಹಡಗಿನ ನಟ್ಟನಡುವೆ ಇರಲಿ. ಅದೃಷ್ಟಕ್ಕೆ ಕೆಳ ಅಂತಸ್ತಿನವು ಸಾಮಾನ್ಯವಾಗಿ ಅಗ್ಗ ಕೂಡ.

ಕ್ಯಾಲಿಫೋರ್ನಿಯಾ ತೀರದ ಕೇಪ್ ಮೆಂಡೊಸಿನೊ ಮತ್ತು ಪಾಯಿಂಟ್ ಕನ್ಸೆಪ್ಷನ್ ಭೂಶಿರಗಳ ಹತ್ತಿರ ಹೆಚ್ಚು ಕುಣಿಸುತ್ತದೆ. ಪಾಯಿಂಟ್ ಕನ್ಸೆಪ್ಷನ್‌ನಲ್ಲಿ ಕರಾವಳಿ ಥಟ್ಟನೆ ಪೂರ್ವಕ್ಕೆ ತಿರುಗುತ್ತದೆ. ಅದರಿಂದ ದಕ್ಷಿಣಕ್ಕೆ ಭೂಮಿಯ ಮರೆ ಇರುವುದರಿಂದ ನೀರು ಸಮಾಧಾನ. ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚ್ ಬಂದರಿನಿಂದ ಎನ್ಸೆನಾಡಾಕ್ಕೆ ಹೋಗುವ ದಾರಿ ಪೂರ್ತಿ ಆ ಮರೆಯ ಕೆಳಗಿದೆ. ನಿಮ್ಮ ತಾಯಿಗೆ ಎನ್ಸೆನಾಡಾವೇ ಸರಿ ಅನ್ನಲಿಕ್ಕೆ ನನಗೆ ಇದೊಂದೇ ಕಾರಣ ಸಾಕು.

ಮಾತ್ರೆ: ಮೆಕ್ಲಿಜಿನ್ 25 ಮಿ.ಗ್ರಾಂ ಇಲ್ಲಿ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಊರಿಂದ ಬರುವವರ ಚೀಲದಲ್ಲಿ ಹೇಗೂ ಅವೊಮಿನ್ ಇರುತ್ತದೆ. ಯಾವುದಾದರೂ ಒಂದು, ಎರಡೂ ಅಲ್ಲ. ಹಡಗು ಬಿಡುವ ಒಂದು ಗಂಟೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಲ್ಲ. ಎರಡೂ ತೂಕಡಿಕೆ ತರುತ್ತವೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಖಾಲಿ ಹೊಟ್ಟೆ ಒಳ್ಳೆಯದಲ್ಲ. ಒಣ ಬಿಸ್ಕತ್ತು, ಶುಂಠಿ, ಹಸಿರು ಸೇಬು. ಕೋಣೆಯಲ್ಲಿ ಮುದುಡಿ ಮಲಗುವುದಕ್ಕಿಂತ ಮೇಲೆ ಬಂದು ದಿಗಂತ ನೋಡುತ್ತಾ ಕೂರುವುದು ವಾಸಿ.

ಬೆಣ್ಣೆದೋಸೆ

ಹಾಗಾದ್ರೆ ಬಾಲ್ಕನಿ ಕೋಣೆ ದಂಡವಾ?

ಕಡಲತಡಿ

ವ್ಯಾಂಕೂವರ್ ದಾರಿಯಲ್ಲಿ ಬಹುಮಟ್ಟಿಗೆ ದಂಡ. ಹಡಗು ತೀರದಿಂದ ಬಹಳ ಹೊರಗೆ ಸಾಗುತ್ತದೆ, ನೆಲ ಕಾಣುವುದು ಕಡಿಮೆ. ಹೊರಗೆ 10-15 ಡಿಗ್ರಿ, ಅದರ ಮೇಲೆ ಹಡಗಿನ ವೇಗದ ಗಾಳಿ. ಮೂರು ಗಳಿಗೆಯಲ್ಲಿ ಹೊರಗಿರಬೇಕು, ಅದೂ ತೆರೆದ ಡೆಕ್ಕಿನ ಮೇಲೆ: ವ್ಯಾಂಕೂವರಿನ ಲಯನ್ಸ್ ಗೇಟ್ ಸೇತುವೆ ಕೆಳಗೆ ಹಾಯುವಾಗ, ಗೋಲ್ಡನ್ ಗೇಟ್ ಕೆಳಗೆ ಹಾಯುವಾಗ, ಮತ್ತೆ ಯಾರಾದರೂ 'ತಿಮಿಂಗಿಲ' ಅಂತ ಕೂಗಿದಾಗ. ಬೂದು ತಿಮಿಂಗಿಲಗಳು ವಸಂತದಲ್ಲಿ ಮೆಕ್ಸಿಕೋದಿಂದ ಉತ್ತರಕ್ಕೆ ಹೋಗುತ್ತವೆ, ಆದರೆ ಅವು ತೀರಕ್ಕೆ ಹತ್ತಿರ, ಹಡಗು ದೂರ.

ರೊಟ್ಟಿ_ಎಣ್ಣಿಗಾಯಿ

ಊಟದ ಚಿಂತಿ ಮಾಡಬ್ಯಾಡ್ರಿ. ದೊಡ್ಡ ಹಡಗಿನಾಗ ಅಡಗಿಮನ್ಯಾಗ ನಮ್ಮ ದೇಶದವರು ಬೇಕಾದಷ್ಟು ಮಂದಿ ಇರ್ತಾರ. ಕಾರ್ನಿವಲ್, ರಾಯಲ್ ಕೆರಿಬಿಯನ್ ಅನ್ನೋ ಎರಡೂ ಕಂಪನಿ ಹಡಗಿನಾಗ ಮುಖ್ಯ ಊಟದ ಹಾಲಿನಾಗ ರಾತ್ರಿ ಭಾರತೀಯ ಸಸ್ಯಾಹಾರದ ಒಂದು ತಾಟು ಸಿಗತೈತಿ. ಅದು ಪನೀರು, ದಾಲು, ಅನ್ನದ ಉತ್ತರ ಹಿಂದುಸ್ತಾನದ ಊಟ. ಸಾರು-ಮುದ್ದಿ, ಜ್ವಾಳದ ರೊಟ್ಟಿ ಕನಸಿನಾಗ ನೋಡ್ರಿ. ಮೊದಲ ರಾತ್ರಿನೇ ಹೆಡ್ ವೇಟರ್‌ಗೆ 'ಮುಂದಿನ ರಾತ್ರಿನೂ ಇದ ಬೇಕು, ಖಾರ ಹೆಚ್ಚು' ಅಂತ ಹೇಳಿಬಿಟ್ರ ಅವರು ತಯಾರ್ ಇಟ್ಟಿರ್ತಾರ. ಉಳ್ಳಾಗಡ್ಡಿ-ಬೆಳ್ಳುಳ್ಳಿ ತಿನ್ನದವರು, ಜೈನರು ಹೊರಡೂಕಿಂತ ತಿಂಗಳ ಮೊದಲ ಬರದು ತಿಳಸಬೇಕು.

ತರಬಾರದ್ದು: ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗಿ, ಸರ್ಜ್ ಪ್ರೊಟೆಕ್ಟರ್ ಇರೋ ಪ್ಲಗ್ ಪಟ್ಟಿ. ಬೆಂಕಿ ಭಯಕ್ಕ ಕಸಗೊಂಡು ಕಡೀ ದಿನ ವಾಪಸ್ ಕೊಡ್ತಾರ. ಮನ್ಯಾಗ ಮಾಡಿದ ಅಡಗಿನೂ ಒಳಗ ಬಿಡೂದಿಲ್ಲ. ಕಾರ್ಖಾನಿಯೊಳಗ ಸೀಲ್ ಆದ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಬಿಸಿನೀರು ಹಾಕಿದ್ರ ಆಗೋ ಉಪ್ಪಿಟ್ಟಿನ ಕಪ್ಪು ನಡೀತಾವ. ಬಿಸಿನೀರು ಬಫೆದಾಗ ಚಾ ಯಂತ್ರದ ಹತ್ರ ಯಾವಾಗಲೂ ಇರತೈತಿ. ಉಳಿದ ಹಣ್ಣು ಕಿಸೇದಾಗ ಇಟಗೊಂಡು ಬಂದರಾಗ ಇಳೀಬ್ಯಾಡ್ರಿ, ಕೃಷಿ ತಪಾಸಣಿ ನಾಯಿ ಹಿಡೀತೈತಿ.

ಎನ್ಸೆನಾಡಾದಾಗ ರಾಜ್ಮಾದಂಥ ಕಾಳಿನ ಪಲ್ಯ ಅಂತ ಬಾಯಿ ಬಿಡಬ್ಯಾಡ್ರಿ, ಎಷ್ಟೋ ಕಡೆ ಹಂದಿ ಕೊಬ್ಬು ಹಾಕಿರ್ತಾರ. 'ಸಿನ್ ಮಂತೇಕಾ' ಅಂದ್ರ 'ಕೊಬ್ಬು ಬ್ಯಾಡ' ಅಂತ. ಎರಡ ಶಬ್ದ, ಕಲತುಬಿಡ್ರಿ.

ಈಸ್ಟ್‌ಬೇ_ಬಸವ

ಬಂದರುಗಳ ಬಗ್ಗೆ, ಬೇಕಾದಷ್ಟೇ.

ಲಾಸ್ ಏಂಜಲೀಸ್ ಅಂತ ಬರೆದಿದ್ದರೂ ಎರಡು ಬೇರೆ ಬಂದರು: ಸ್ಯಾನ್ ಪೆಡ್ರೊ ಮತ್ತು ಲಾಂಗ್ ಬೀಚ್. ಕಾರ್ನಿವಲ್ ಹೊರಡೋದು ಲಾಂಗ್ ಬೀಚಿಂದ, ಹಳೆಯ ಕ್ವೀನ್ ಮೇರಿ ಹಡಗಿನ ಪಕ್ಕದ ಗುಮ್ಮಟದಿಂದ. ರಾಯಲ್ ಕೆರಿಬಿಯನ್, ಪ್ರಿನ್ಸೆಸ್ ಸ್ಯಾನ್ ಪೆಡ್ರೊದಿಂದ. ನಡುವೆ ಸೇತುವೆಗಳ ಮೇಲೆ ಅಷ್ಟು ದೂರವೇನಿಲ್ಲ, ಆದರೆ ಶುಕ್ರವಾರ ಮಧ್ಯಾಹ್ನ ತಪ್ಪು ಕಡೆ ಇಳಿದರೆ ಎದೆ ಢವಢವ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಿಯರ್ 27; ವಿಮಾನ ನಿಲ್ದಾಣದಿಂದ ಬಾರ್ಟ್ ರೈಲಲ್ಲಿ ಎಂಬಾರ್ಕಡೆರೊಗೆ ಬಂದು ದಡದ ಗುಂಟ ನಡೆಯಬಹುದು. ವ್ಯಾಂಕೂವರಿನಲ್ಲಿ ವಿಮಾನ ನಿಲ್ದಾಣದಿಂದ ಕೆನಡಾ ಲೈನ್ ರೈಲು ಹತ್ತಿ ಕೊನೆಯ ವಾಟರ್‌ಫ್ರಂಟ್ ನಿಲ್ದಾಣದಲ್ಲಿ ಇಳಿದರೆ ಹಡಗು ಕಣ್ಣೆದುರು, ಅರ್ಧ ಗಂಟೆಯೂ ಹಿಡಿಯಲ್ಲ. ಟ್ಯಾಕ್ಸಿ ಬೇಡ.

4 ರಾತ್ರಿಯದರಲ್ಲಿ ಎನ್ಸೆನಾಡಾ ಜೊತೆ ಕ್ಯಾಟಲಿನಾ ದ್ವೀಪವೂ ಇರುತ್ತೆ. ಅಲ್ಲಿ ಹಡಗು ದಡಕ್ಕೆ ತಾಗಲ್ಲ, ಸಣ್ಣ ದೋಣಿಗೆ ಇಳಿಯಬೇಕು. ಮಂಡಿನೋವಿನವರಿಗೆ ದೋಣಿ ಅಲುಗಾಡುವಾಗ ಹೆಜ್ಜೆ ಇಡೋದು ಕಷ್ಟ, ಅಲೆ ಜೋರಾದರೆ ಆ ನಿಲುಗಡೆಯೇ ರದ್ದು. ಒರೆಗಾನಿನ ಅಸ್ಟೋರಿಯಾ ರದ್ದಾಗೋದು ಬೇರೆ ಕಾರಣಕ್ಕೆ: ಕೊಲಂಬಿಯಾ ನದಿ ಸಮುದ್ರ ಸೇರುವ ಮರಳು ದಿಬ್ಬದ ಮೇಲೆ ಅಲೆಗಳು ಎದ್ದು ಒಡೆಯುತ್ತವೆ, ಅಲ್ಲಿ ಹಡಗಿಗೆ ದಾರಿ ತೋರುವ ಪೈಲಟ್‌ಗಳಿಗೇ ಅದು ಸವಾಲು. ರದ್ದಾದರೆ ಸಿಗೋದು ಬಂದರು ಶುಲ್ಕ ವಾಪಸ್, ಅದೂ ಹಡಗಿನ ಖಾತೆಗೆ. ಹೊರಗೆ ಕಟ್ಟಿಟ್ಟ ಟೂರಿನ ದುಡ್ಡು ನಿಮ್ಮದೇ ತಲೆನೋವು.

ಎನ್ಸೆನಾಡಾದಲ್ಲಿ ಹಡಗು ದಡಕ್ಕೇ ಕಟ್ಟುತ್ತೆ. ಊರಿನ ನಡುವಿಗೆ 15-20 ನಿಮಿಷದ ನಡಿಗೆ. ಸಮುದ್ರದ ನೀರು ಬಂಡೆ ಸಂದಿಯಿಂದ ಚಿಮ್ಮುವ ಲಾ ಬುಫಡೋರಾ ನೋಡಲು ಮುಕ್ಕಾಲು ಗಂಟೆ ಪ್ರಯಾಣ. ಎನ್ಸೆನಾಡಾ ಇರುವ ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದ ಗಡಿಯಾರ ಅಮೆರಿಕದ ಪಶ್ಚಿಮ ತೀರದ್ದೇ, ಹಾಗಾಗಿ ಸಮಯ ತಿರುಚುವ ಗೊಂದಲವಿಲ್ಲ.

ಹಡಗು ದಡ ಬಿಡುವ ಮೊದಲು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ. ಹಡಗಿನದೇ ಮೊಬೈಲ್ ಜಾಲ ಸದ್ದಿಲ್ಲದೆ ಹಿಡಿದುಕೊಂಡು ಬಿಲ್ ಬರೆಯುತ್ತೆ. ಪಾಸ್‌ಪೋರ್ಟ್, ಮಾತ್ರೆ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ಒಪ್ಪಿಸಿದ ಪೆಟ್ಟಿಗೆ ಕೋಣೆಗೆ ಬರೋದು ಸಂಜೆಗೆ. ಇಳಿಯುವ ದಿನ ಮಧ್ಯಾಹ್ನ 12ಕ್ಕಿಂತ ಮೊದಲಿನ ವಿಮಾನ ಹಿಡಿಯಬೇಡಿ.

ಮುದ್ರೆ_ಒತ್ತು

ಅಪ್ಪ-ಅಮ್ಮನಿಗೆ ಮಾಡಿಸಿರುವ ಸಂದರ್ಶಕ ವಿಮೆ ಹಡಗಿನ ಮೇಲೆ, ಮೆಕ್ಸಿಕೋದಲ್ಲಿ ನಡೆಯುತ್ತಾ ಅಂತ ಪಾಲಿಸಿ ಓದಿ. ಎಷ್ಟೋ ಪಾಲಿಸಿ ಅಮೆರಿಕದ ನೆಲಕ್ಕೆ ಮಾತ್ರ. ಹಡಗಿನ ವೈದ್ಯರು ಬಿಲ್ಲನ್ನು ನೇರ ನಿಮ್ಮ ಖಾತೆಗೆ ಹಾಕ್ತಾರೆ, ವಿಮೆಯಿಂದ ಆಮೇಲೆ ನೀವೇ ಕೇಳಿ ಪಡೆಯಬೇಕು. ತುರ್ತಾಗಿ ದಡಕ್ಕೆ ಸಾಗಿಸುವ ವೆಚ್ಚ ಸೇರಿರುವ ಪಾಲಿಸಿಯನ್ನೇ ತಗೊಳ್ಳಿ.

ಸೋನೆಮಳೆ

ನನ್ನ ಮುದ್ರೆ 2027ರವರೆಗೆ ಇದೆ, ಯಜಮಾನರದು ಮುಗಿದಿದೆ. ಹಾಗಾದರೆ ಎನ್ಸೆನಾಡಾ 3 ರಾತ್ರಿ, ನಡುವಿನ ಕೆಳಕೋಣೆ ಎರಡು, ಗ್ಯಾರಂಟಿ ಬೇಡ. ಅವರ ವಿಷಯಕ್ಕೆ ಕಂಪನಿಗೆ ಇವತ್ತೇ ಇಮೇಲ್ ಹಾಕ್ತೀನಿ.

ಮುದ್ರೆ_ಒತ್ತು

ಇಮೇಲಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ: ಮುಗಿದ ಅಮೆರಿಕ ವೀಸಾ ಇಟ್ಟುಕೊಂಡು ಎನ್ಸೆನಾಡಾ ಹಡಗು ಹತ್ತಲು ಮೆಕ್ಸಿಕೋ ವೀಸಾ ಬೇಕಾ, ಮತ್ತು ವಾಪಸ್ ಬರಲು ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಅನ್ನು ಅವರು ಒಪ್ಪುತ್ತಾರಾ. ಒಂದೇ ವಾಕ್ಯದಲ್ಲಿ ಕಲೆಸಿದರೆ ಒಂದಕ್ಕೆ ಮಾತ್ರ ಉತ್ತರ ಬರುತ್ತೆ. ಉತ್ತರ ಕೈಗೆ ಬರುವವರೆಗೆ ಮರಳಿ ಸಿಗುವ ಮುಂಗಡದ ದರವನ್ನೇ ಆರಿಸಿ, 'ನಾನ್-ರಿಫಂಡಬಲ್' ಅಗ್ಗ ಅಂತ ಒತ್ತಬೇಡಿ.

ರೊಟ್ಟಿ_ಎಣ್ಣಿಗಾಯಿ

ಚಟ್ನಿಪುಡಿ ಎರಡು ಪಾಕೀಟ ಇಟಗೋರಿ. ಒಂದು ವೇಟರ್‌ಗೆ ಹೋಗತೈತಿ.